ತಪ್ಪಿಹೋದ ಲೆಕ್ಕದ ಪರೀಕ್ಷೆ

ನಮ್ಮ ಹಾಡಿಯಿಂದ ಹತ್ತನೇ ಕ್ಲಾಸಿನ ತನಕ ಹೋದವಳು ನನ್ನ ಮೊಮ್ಮಗಳೊಬ್ಬಳೇ. ಎಂಟರಲ್ಲಿ ಹಾಡಿಯ ಮಕ್ಕಳು ಇನ್ನೂ ಐದಾರು ಮಂದಿ ಇದ್ದರು. ಕಾಫಿ ಕೊಯ್ಲಿಗೆಂದು, ಶುಂಠಿ ಕೆಲಸಕ್ಕೆಂದು ಕೊಡಗಿಗೆ ಹೋದವರು ತಿರುಗಿ ಶಾಲೆಗೆ ಬರಲಿಲ್ಲ.

ಲೆಕ್ಕದ ಪರೀಕ್ಷೆಯ ಹಿಂದಿನ ದಿನ ನನ್ನ ಅಣ್ಣ ಸತ್ತ. ಸಂಜೆಗೇ ಮಣ್ಣು ಮಾಡಿದೆವು. ಮಣ್ಣು ಮಾಡಿದ ಮಾರನೆಯ ದಿನ ಹಾಡಿಯಿಂದ ಯಾರೂ ಹೊರಗೆ ಕಾಲಿಡಬಾರದು, ಅದು ನಮ್ಮ ಕಟ್ಟಳೆ. ಹಿರಿಯಳು ನಾನು, ಹೇಳುವವಳೂ ನಾನೇ. ಬೆಳಿಗ್ಗೆ ಹುಡುಗಿ ಯೂನಿಫಾರ್ಮ್ ಹಾಕಿ ನಿಂತಿದ್ದಳು.

"ಇವತ್ತು ಬೇಡ. ನಾಳೆ ಹೋಗಿ ಬರಿ," ಎಂದೆ.

"ನಾಳೆ ಬರಿಯಕ್ಕೆ ಬಿಡಲ್ಲ ಅಜ್ಜಿ."

"ಯಾಕೆ ಬಿಡಲ್ಲ? ನಾನು ಒಂದಿನ ತೋಟಕ್ಕೆ ಹೋಗ್ದಿದ್ರೆ ಮಾರನೇ ದಿನ ಕೆಲಸ ಕೊಡಲ್ವಾ? ಸಾವಿನ ಮನೇಲಿ ಎದುರು ಮಾತಾಡ್ಬೇಡ, ಒಳಗೆ ನಡಿ."

ನನಗೆ ಗೊತ್ತಿದ್ದದ್ದು ಕೂಲಿಯ ದಿನ ಮಾತ್ರ.

ಫಲಿತಾಂಶ ಬಂದಾಗ ಉಳಿದದ್ದೆಲ್ಲ ಪಾಸು, ಲೆಕ್ಕ ಒಂದು ಇಲ್ಲ. ಟೀಚರ್ ಕಾಟ್ಟಿಕುಳದ ಶಾಲೆಯಿಂದ ಜೀಪು ಮಾಡಿಕೊಂಡು ಬಂದರು. ಇನ್ನೊಮ್ಮೆ ಬರೆಯಬಹುದು, ಶುಕ್ರವಾರದೊಳಗೆ ಅವಳೇ ಬಂದು ಅರ್ಜಿಗೆ ಸಹಿ ಹಾಕಬೇಕು ಎಂದರು. ಹುಡುಗಿ ಆಗಲೇ ಕೊಡಗಿನ ಶುಂಠಿ ಹೊಲ ಸೇರಿದ್ದಳು.

ಗುರುವಾರ ರಾಜ್ಯದ ಗಡಿ ದಾಟಿ, ಎರಡು ಬಸ್ಸು ಹತ್ತಿ ಹೋದೆ. ಎಲ್ಲರ ಎದುರು ಅವಳ ಕೈ ಹಿಡಿದೆ.

"ಬಾರೇ, ನಾಳೆ ಒಂದಿನ ಇದೆ."

ಕೆಸರು ಕೈ ಬಿಡಿಸಿಕೊಂಡಳು. "ಕಲಿತದ್ದೆಲ್ಲ ಮರೆತೋಯ್ತು ಅಜ್ಜಿ. ನೀ ಹೋಗು, ಬಸ್ಸು ತಪ್ಪುತ್ತೆ."

ನಾನು ಹೋಗಲಿಲ್ಲ. ಶುಕ್ರವಾರ ಸಂಜೆಯವರೆಗೂ ಹೊಲದ ಬದುವಿನ ಮೇಲೆ ಕುಳಿತಿದ್ದೆ. ಅವಳು ತಲೆ ಎತ್ತದೆ ಕಳೆ ಕೀಳುತ್ತಲೇ ಇದ್ದಳು.