ಕೊನೆಯ ಐದು ಬಾಟಲಿ

ಬಿಯರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ರುಚಿ ನೋಡುವ ಕೆಲಸ ಮಾಡಿದವಳನ್ನು ಎಲ್ಲರೂ ನಾಲಿಗೆಯಕ್ಕ ಎಂದೇ ಕರೆಯುತ್ತಿದ್ದರು. ಗಂಡ ಮನೆಯಲ್ಲೇ ಬಿಯರ್ ಮಾಡುತ್ತಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಆಸಾಮಿ. ಹದವಾಗುವ ಮೊದಲೇ ಮುಚ್ಚಳ ಕೀಳುತ್ತಿದ್ದ. ಅಂಥವನು ಕೊನೆಯ ಐದು ಬಾಟಲಿ ತುಂಬಿಟ್ಟು, ಒಂದನ್ನೂ ತೆರೆಯದೆ ಸತ್ತ.

ವರ್ಷಕ್ಕೊಂದರಂತೆ ಅವಳೂ ನಾದಿನಿಯೂ ಅವನ್ನು ತೆರೆದರು. ಒಂದೇ ಪಾತ್ರೆಯ ಬಿಯರು. ಮೊದಲನೆಯದು ಚೆನ್ನಾಗಿ ಮಾಗಿತ್ತು. ಎರಡನೆಯದರಲ್ಲಿ ಅವಸರಕ್ಕೆ ತೆಗೆದ ಎಳೆ ಬಿಯರಿನ ಹಸಿ ಸೇಬಿನ ವಾಸನೆ. ಮೂರನೆಯದು ಇನ್ನೂ ಹುದುಗೇ ಬಾರದ, ಬರೀ ಸಿಹಿ ಬಾರ್ಲಿ ನೀರು. ವರ್ಷ ಕಳೆದಂತೆ ಅದು ಎಳೆಯದಾಗುತ್ತಿತ್ತು. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪದ ನಾಲಿಗೆಯನ್ನು ಅನುಮಾನಿಸುವುದು ಹೇಗೆ?

ಈ ಸಲ ಕಪಾಟಿನಿಂದ ತೆಗೆದ ನಾಲ್ಕನೆಯ ಬಾಟಲಿ ಬಾರ್ಲಿ ನೀರನ್ನು ಕುದಿಸಿ ಆಗಷ್ಟೇ ಒಲೆಯಿಂದ ಇಳಿಸಿದಂತೆ ಬಿಸಿಯಾಗಿತ್ತು. ನಾದಿನಿ ಕೈ ಹಿಂದಕ್ಕೆಳೆದುಕೊಂಡಳು.

"ಇನ್ನೊಂದು ಉಳಿದಿದೆಯಲ್ಲ ಅತ್ತಿಗೆ. ಮುಂದಿನ ವರ್ಷ ಅದರಲ್ಲೇನಿರುತ್ತೆ?"

"ಏನೂ ಇರಲ್ಲ. ಅಷ್ಟೊತ್ತಿಗೆ ಅದನ್ನಿನ್ನೂ ಮಾಡೇ ಇರಲ್ಲ."

ನಾಲಿಗೆಯಕ್ಕ ಅಟ್ಟದಿಂದ ಗಂಡನ ದೊಡ್ಡ ಪಾತ್ರೆ ಇಳಿಸಿ ತೊಳೆಯತೊಡಗಿದಳು.

"ನಿಮ್ಮಣ್ಣನೇ ಬಂದು ಮಾಡ್ಬೇಕು. ಆದ್ರೆ ಅವರಿಗೆ ಮುಂದಿನ ವರ್ಷದವರೆಗೆ ತಡಿಯೋ ತಾಳ್ಮೆ ಎಲ್ಲಿದೆ?"