ಸಾವಿರದ ನೂರ ಮೂವತ್ತೊಂದನೆಯ ಕೈ

ಉತ್ಪನ್ನ ವಿನ್ಯಾಸವೆಂಬ ಶಾಸ್ತ್ರದಲ್ಲಿ ಹೆಸರು ಮಾಡಿದವರು ಎರಡು ಬಗೆ. ತಾವು ರೂಪಿಸಿದ ವಸ್ತುವಿನ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡವರು ಒಂದು ಬಗೆ. ವಸ್ತುವನ್ನು ಜನರ ಕೈಗೆ ಕೊಟ್ಟು ತಾವು ಮರೆಗೆ ಸರಿದವರು ಇನ್ನೊಂದು ಬಗೆ. ಈ ವರ್ಷ ನಿವೃತ್ತರಾಗುತ್ತಿರುವ ನಮ್ಮ ವಿಶ್ವವಿದ್ಯಾಲಯದ ಹಿರಿಯ ಪ್ರಾಧ್ಯಾಪಕಿಯವರು ಎರಡನೆಯ ಬಗೆಗೆ ಸೇರಿದವರು. ಸೋಪು ಹತ್ತಿದ ಕೈಯಲ್ಲೂ ಜಾರದೆ ತಿರುಗುವ ನಲ್ಲಿಯ ಹಿಡಿ, ಮಲಗಿದ ರೋಗಿ ಒಂದೇ ಕೈಯಿಂದ ಎತ್ತಬಹುದಾದ ನೀರಿನ ಹೂಜಿ, ಮುದುಕರ ಬೆರಳಿಗೂ ಬಗ್ಗುವ ಔಷಧದ ಡಬ್ಬಿಯ ಮುಚ್ಚಳ ಇವೆಲ್ಲ ಅವರವು. ದಿನವೂ ಇವನ್ನು ಬಳಸುವವರು ಅವರನ್ನು ಅರಿಯರು. ಅರಿಯಬೇಕೆಂದು ಅವರು ಬಯಸಿದವರೂ ಅಲ್ಲ. ಮೂವತ್ತಮೂರು ವರ್ಷ ಅವರಲ್ಲಿ ಕಲಿತವರು ಅವರನ್ನು 'ಕೈ ಮೇಡಂ' ಎಂದೇ ಕರೆದರು. ಆ ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. "ಕಾಲು ಹಿಡಿಸ್ಕೊಳ್ಳೋ ಮೇಡಂ ಅನ್ನಲಿಲ್ವಲ್ಲ, ಅಷ್ಟು ಸಾಕು" ಎಂದು ನಕ್ಕಿದ್ದರು.

ಅದೇ ವಿಭಾಗಕ್ಕೆ ವಾರಕ್ಕೆ ಎರಡು ದಿನ ಸಂಖ್ಯಾಶಾಸ್ತ್ರ ಕಲಿಸಲು ಬರುತ್ತಿದ್ದ ಒಬ್ಬ ಗಣಿತದ ಅಧ್ಯಾಪಕನಿದ್ದ. ವಿದ್ಯಾರ್ಥಿಗಳು ಅವನಿಗೆ 'ಮಗ್ಗಿ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಅಭಿನಂದನ ಸಂಪುಟದ ಈ ಸಾಲುಗಳು ಅವನವೇ. ಅಭಿನಂದನೆಯಲ್ಲಿ 'ನಾನು' ಹೆಚ್ಚಿದಷ್ಟೂ ಅಭಿನಂದಿತರು ಕಡಿಮೆಯಾಗುವರಾದ್ದರಿಂದ, ಅವನನ್ನು ಇಲ್ಲಿ ಲೆಕ್ಕದವನೆಂದು ಕರೆದು ಮೂರನೆಯವನಾಗಿಯೇ ನಿಲ್ಲಿಸಿದೆ.

ಮೇಡಂ ಅವರ ಮೊದಲ ದಿನದ ತರಗತಿಯಲ್ಲಿ ಪಾಠವಿರುತ್ತಿರಲಿಲ್ಲ. ಉದ್ದನೆಯ ಮೇಜಿನ ಮೇಲೆ ದಪ್ಪ ಹಾಳೆಯ, ಗೆರೆಯಿಲ್ಲದ ದೊಡ್ಡದೊಂದು ಪುಸ್ತಕ ತೆರೆದಿರುತ್ತಿತ್ತು. ಹೊಸ ವಿದ್ಯಾರ್ಥಿ ತನ್ನ ಬಲಗೈಯನ್ನು ಹಾಳೆಯ ಮೇಲೆ ಊರಬೇಕು. ಪಕ್ಕದವರು ಪೆನ್ಸಿಲಿನಿಂದ ಸುತ್ತಲೂ ಗೆರೆ ಎಳೆಯಬೇಕು. ಬಳಿಕ ಐದು ಅಳತೆಗಳನ್ನು ಕೆಳಗೆ ಬರೆಯಬೇಕು. ಹಾಳೆಗೆ ಹೆಸರಿಲ್ಲ, ಕ್ರಮಸಂಖ್ಯೆ ಮಾತ್ರ. ವರ್ಷಕ್ಕೆ ಐವತ್ತು ಕೈ. ಆ ದಿನದಿಂದ ಕೊನೆಯ ಪರೀಕ್ಷೆಯವರೆಗೆ, ಯಾರು ಯಾವ ನಕ್ಷೆ ತಂದು ಮುಂದಿಟ್ಟರೂ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇದು ಯಾರ ಕೈಗೆ?" ಎಲ್ಲರ ಕೈಗೆ ಎಂದವರ ನಕ್ಷೆ ಹಾಗೆಯೇ ಹಿಂದಿರುಗುತ್ತಿತ್ತು.

ಒಂಬತ್ತನೆಯ ವರ್ಷ ಲೆಕ್ಕದವನು ಅಲ್ಲಿಯವರೆಗಿನ ನಾನೂರ ಐವತ್ತು ಕೈಗಳ ಸರಾಸರಿ ತೆಗೆದು, ಆ ಅಳತೆಗೆ ಸರಿಯಾಗಿ ಕಾರ್ಯಾಗಾರದ ಬಡಗಿಯಿಂದ ಒಂದು ಮರದ ಕೈ ಮಾಡಿಸಿ, ಹೆಮ್ಮೆಯಿಂದ ಅವರ ಮುಂದಿಟ್ಟ. ಮೇಡಂ ಅದನ್ನು ಹಸ್ತಲಾಘವ ಮಾಡುವಂತೆ ಹಿಡಿದು ನೋಡಿ, ಐದು ಅಳತೆಯೂ ಹೊಂದುವ ಒಬ್ಬರನ್ನು ಪುಸ್ತಕದಲ್ಲಿ ತೋರಿಸಿರೆಂದರು. ಮೂರು ದಿನ ಹುಡುಕಿದರೂ ಒಬ್ಬರೂ ಸಿಗಲಿಲ್ಲ. "ಕೂಡಿಸಿ ಭಾಗಿಸಿ ಹೆತ್ತಿದೀರಿ ಮೇಷ್ಟ್ರೇ, ಕೂಸಿಗೆ ಅಪ್ಪನೂ ಇಲ್ಲ ಅಮ್ಮನೂ ಇಲ್ಲ" ಎಂದು ಬಡಗಿ ಚೇಷ್ಟೆ ಮಾಡಿದ. ಯಾರದೂ ಅಲ್ಲದ ಆ ಕೈ ಅಂದಿನಿಂದ ಮೇಡಂ ಅವರ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುವ ಕೆಲಸಕ್ಕೆ ನಿಂತಿತು.

ಅವರ ಉಪಕಾರಗಳನ್ನು ಪಟ್ಟಿ ಮಾಡಲು ಬೇರೆ ಲೇಖಕರಿದ್ದಾರೆ. ಎರಡನ್ನು ಮಾತ್ರ ಹೇಳುತ್ತೇನೆ. ಎಡಗೈಯ ವಿದ್ಯಾರ್ಥಿನಿಯೊಬ್ಬಳು ಗರಗಸ ಹಿಡಿಯಲು ಬಾರದೆ ಓದು ಬಿಟ್ಟು ಹೊರಟಾಗ, ರಜೆಯಲ್ಲಿ ಬಡಗಿಯೊಂದಿಗೆ ಕುಳಿತು ಕಾರ್ಯಾಗಾರದ ಹನ್ನೊಂದು ಉಪಕರಣಗಳಿಗೆ ಎಡಗೈಯ ಹಿಡಿ ಹಾಕಿಸಿದರು. ಮಗ ಚಮಚ ಮಾಡಲು ವಿಶ್ವವಿದ್ಯಾಲಯಕ್ಕೆ ಬರಬೇಕಾಗಿತ್ತೇ ಎಂದು ಜಗಳಕ್ಕೆ ಬಂದ ತಂದೆಯೊಬ್ಬರಿಗೆ, ವಾದ ಮಾಡದೆ, ಕೈಗೆ ದಪ್ಪ ಕವಸು ತೊಡಿಸಿ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳಲು ಹೇಳಿದರು. ಮೇಜೆಲ್ಲ ಸಕ್ಕರೆಯಾಯಿತು. "ಪಾರ್ಶ್ವವಾಯು ಆದವರಿಗೆ ದಿನಾ ಹೀಗೇ ಆಗುತ್ತೆ. ನಿಮ್ಮ ಮಗ ಅವರಿಗೆ ಚಮಚ ಮಾಡ್ತಿದಾನೆ" ಎಂದರು. ಆ ತಂದೆ ಮೇಜು ಒರೆಸಿಕೊಟ್ಟು ಹೋದರು.

ಇನ್ನು ಹೇಳಲೇಬೇಕಾದುದು. ಇಪ್ಪತ್ತಮೂರನೆಯ ವರ್ಷ ಸೇರಿದ ಹುಡುಗಿಯೊಬ್ಬಳನ್ನು, ಕೂತಲ್ಲಿ ಕೂರದ ಕಾರಣ, ಗೆಳತಿಯರು ಗುಬ್ಬಿ ಎನ್ನುತ್ತಿದ್ದರು. ಪುಸ್ತಕದಲ್ಲಿ ಅವಳದು ಸಾವಿರದ ನೂರ ಮೂವತ್ತೊಂದನೆಯ ಕೈ. ಅವಳಿಗೆ ತಂದೆಯಿಲ್ಲ; ತಾಯಿ ಬಟ್ಟೆ ಹೊಲಿದು ಓದಿಸುತ್ತಿದ್ದರು. ಮೂರನೆಯ ವರ್ಷ ಗುಬ್ಬಿ ಒಂದು ಕತ್ತರಿಯ ನಕ್ಷೆ ತಂದಾಗ, ಯಾರ ಕೈಗೆ ಎಂಬ ಪ್ರಶ್ನೆ ಬರುವ ಮೊದಲೇ "ಅಮ್ಮನ ಕೈಗೆ ಮೇಡಂ" ಎಂದಳು. ಕತ್ತರಿ ಹಿಡಿದು ಹಿಡಿದು ತಾಯಿಯ ಹೆಬ್ಬೆರಳಿನ ಗಂಟು ಊದಿತ್ತು. ನಕ್ಷೆಯಲ್ಲಿ ಎಲ್ಲ ಇತ್ತು. ಕೈಯ ಅಳತೆಗಳ ಜಾಗ ಮಾತ್ರ ಖಾಲಿ. ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಅಮ್ಮನ ಕೈ, ರಜೆಯಲ್ಲಿ ಅಳೆಯಬೇಕು' ಎಂದು ಬರೆದಿದ್ದಳು. ರಜೆಗೆ ಒಂಬತ್ತು ದಿನವಿತ್ತು. ನಾಲ್ಕು ದಿನದ ಜ್ವರದಲ್ಲಿ ಹುಡುಗಿ ತೀರಿಕೊಂಡಳು.

ಮೂರು ತಿಂಗಳ ಮೇಲೆ ಆ ತಾಯಿ ವಿಭಾಗಕ್ಕೆ ಬಂದರು. ಮೇಡಂ ಪರೀಕ್ಷಕರಾಗಿ ಹೊರಗೆ ಹೋಗಿದ್ದರು. ಪುಸ್ತಕ ಲೆಕ್ಕದವನ ವಶದಲ್ಲಿತ್ತು. ಅವನು ಪೆನ್ಸಿಲ್ ಹಿಡಿದು ಅಳತೆಗಳನ್ನು ಕೋಷ್ಟಕಕ್ಕೆ ಇಳಿಸುತ್ತ ಕುಳಿತಿದ್ದ. ಮಗಳು ಕೈ ಬರೆಸಿದ ಪುಸ್ತಕವೊಂದಿದೆಯಂತೆ, ನೋಡಬಹುದೇ ಎಂದು ತಾಯಿ ಕೇಳಿದರು. ಅವನು ಹಾಜರಿಪಟ್ಟಿಯಲ್ಲಿ ಕ್ರಮಸಂಖ್ಯೆ ಹುಡುಕಿ ತೆರೆದುಕೊಟ್ಟ. ಆಕೆ ಬಹಳ ಹೊತ್ತು ನೋಡಿದರು.

"ಈ ಹಾಳೆ ನನಗೆ ಕೊಡ್ತೀರಾ ಸಾರ್?"

"ಇದು ದಾಖಲೆ ತಾಯಿ. ಒಂದು ಹಾಳೆ ಹೋದ್ರೂ ಸರಾಸರಿ ಕೆಡುತ್ತೆ. ಬೇಕಾದ್ರೆ ನಕಲು ಮಾಡಿಸಿಕೊಡ್ತೀನಿ."

"ನಕಲು ಯಾಕೆ. ಅವಳು ಕೈ ಊರಿದ್ದು ಇದರ ಮೇಲೆ ತಾನೇ."

ನಿಯಮದ ಪ್ರಕಾರ ಅವನು ಹೇಳಿದುದು ಸರಿಯಾಗಿತ್ತು. ತಾನು ಸರಿ ಎಂಬುದು ಖಚಿತವಾದ ಮೇಲೆ ಮಾತು ಬೆಳೆಸುವ ರೂಢಿ ಅವನಿಗಿರಲಿಲ್ಲ. ಆಕೆ ಸೆರಗಿನಿಂದ ಅಂಗೈ ಒರೆಸಿಕೊಂಡು, ತಮ್ಮ ಬಲಗೈಯನ್ನು ಮಗಳ ಕೈಯ ಗೆರೆಯೊಳಗೆ ಮೆಲ್ಲಗೆ ಇಟ್ಟರು. "ನನಗಿಂತ ಉದ್ದ ಆಗ್ಬಿಟ್ಟಿದೆ ಬೆರಳು. ನಾನು ನೋಡೇ ಇರಲಿಲ್ಲ" ಎಂದರು. ಆಮೇಲೆ ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿಟ್ಟು ಹೊರಟುಹೋದರು. ಅವನು ಕೋಷ್ಟಕ ಮುಂದುವರಿಸಿದ.

ಮರಳಿ ಬಂದ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಬೈಯಲಿಲ್ಲ.

"ಕೈ ಇಟ್ರು ಅಂದ್ರಲ್ಲ, ಸುತ್ತ ಗೆರೆ ಎಳೆದ್ರಾ?"

"ಇಲ್ಲ."

"ನಿಮ್ಮ ಕೈಯಲ್ಲಿ ಪೆನ್ಸಿಲ್ ಇತ್ತಾ?"

"ಇತ್ತು."

ಮತ್ತೇನೂ ಕೇಳದೆ ಅವರು ಗುಬ್ಬಿಯ ನಕ್ಷೆಯನ್ನು ತೆಗೆದು, ಆ ಖಾಲಿ ಜಾಗ ಕಾಣುವಂತೆ ಅವನ ಮುಂದೆ ಹರಡಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಲಿಲ್ಲ. ಬಳಿಕ ಬ್ಲೇಡು ಹಿಡಿದು, ಇಪ್ಪತ್ತೈದು ವರ್ಷದಲ್ಲಿ ಒಂದು ಮೂಲೆಯನ್ನೂ ಮಡಿಸಲು ಬಿಡದ ಆ ಪುಸ್ತಕದಿಂದ ಸಾವಿರದ ನೂರ ಮೂವತ್ತೊಂದನೆಯ ಹಾಳೆಯನ್ನು ಹೊಲಿಗೆಯ ಗುಂಟ ಬಿಡಿಸಿದರು. ಲೆಕ್ಕದವನು ಅಭ್ಯಾಸಬಲದಿಂದ ಬಾಯಿ ತೆರೆದ. "ಸರಾಸರಿ ನಿಮ್ಮದು, ಇಟ್ಕೊಳ್ಳಿ" ಎಂದರು ಮೇಡಂ. "ಕೈ ಆ ತಾಯಿದು."

ಆಮೇಲೆ ಅವನನ್ನು ಕೂರಿಸಿಕೊಂಡು ಕೇಳತೊಡಗಿದರು. ಮಧ್ಯದ ಬೆರಳು ಗೆರೆಗಿಂತ ಎಷ್ಟು ಒಳಗಿತ್ತು? ಉಗುರಿನ ಅರ್ಧದಷ್ಟು. ಅಂಗೈಯ ಅಗಲ? ಎರಡೂ ಬದಿಗೆ ಬಿಳಿ ಹಾಳೆ ಕಾಣುವಷ್ಟು ಕಡಿಮೆ. ಹೆಬ್ಬೆರಳು? ಅದೊಂದು ಮಾತ್ರ ಗೆರೆ ದಾಟಿತ್ತು, ಗಂಟಿನ ಹತ್ತಿರ. ಎಷ್ಟು? "ಎರಡೂವರೆ ಮಿಲಿಮೀಟರ್ ಇರಬಹುದು" ಎಂದ ಅವನು. 'ಇರಬಹುದು' ಎಂದು ಬರೆದ ಉತ್ತರಕ್ಕೆ ವರ್ಷಗಟ್ಟಲೆ ಸೊನ್ನೆ ಹಾಕಿದವನು ಆ ದಿನ ಐದು ಉತ್ತರಗಳಲ್ಲೂ ಅದನ್ನೇ ಹೇಳಿದ. ಮಗಳ ಕೈಯಿಂದ ಕಳೆದು, ಒಂದೆಡೆ ಕೂಡಿಸಿ, ತಾಯಿಯ ಕೈಯನ್ನು ಅವರು ಪಡೆದರು. ಬಡಗಿ ಹಿಡಿ ಕೆತ್ತಿದ. ಕತ್ತರಿ ಸಿದ್ಧವಾಯಿತು.

ಕೊಡಲು ಹೋದಾಗ ತಾಯಿ ಆ ಮನೆ ಖಾಲಿ ಮಾಡಿ ಎರಡು ವಾರವಾಗಿತ್ತು. ಯಾವುದೋ ಊರಿನ ತಮ್ಮನ ಮನೆಗೆ ಹೋದರಂತೆ. ಯಾವ ಊರೆಂದು ಮನೆಯ ಮಾಲೀಕರು ಕೇಳಿಟ್ಟುಕೊಂಡಿರಲಿಲ್ಲ. ವಿಭಾಗಕ್ಕೆ ಬಂದ ದಿನ ಲೆಕ್ಕದವನೂ ಕೇಳಿರಲಿಲ್ಲ. ಹಳೆಯ ವಿಳಾಸಕ್ಕೇ ಅಂಚೆಗೆ ಹಾಕಿದ ಕಾಗದ ಎರಡು ಸಲ ತಿರುಗಿ ಬಂತು. ಅಂದಿನಿಂದ ಮೇಡಂ ಯಾವ ಊರಿಗೆ ಉಪನ್ಯಾಸಕ್ಕೆ ಹೋದರೂ ಒಂದು ದಿನ ಹೆಚ್ಚು ಉಳಿದು ಹೊಲಿಗೆಯಂಗಡಿಗಳನ್ನು ಸುತ್ತಿ ಬರುತ್ತಾರೆ. ಎಂಟು ವರ್ಷವಾಯಿತು. ಇಷ್ಟು ವರ್ಷ ಆ ಕತ್ತರಿ ಮರದ ಕೈಯ ಪಕ್ಕದಲ್ಲೇ ಇತ್ತು. ಬಂದವರು ಬೆರಳು ತೂರಿಸಿ ನೋಡಿ, ಹೆಬ್ಬೆರಳಿನ ಉಂಗುರ ಸಡಿಲವಾಯಿತು ಎನ್ನುತ್ತಿದ್ದರು. "ನಿಮ್ಮ ಕೈಗಲ್ಲ" ಎನ್ನುತ್ತಿದ್ದರು ಮೇಡಂ.

ಕಳೆದ ವಾರ ಅವರು ತಮ್ಮ ಕೋಣೆ ತೆರವು ಮಾಡಿದರು. ಸಾವಿರದ ಆರುನೂರ ಐವತ್ತು ಕೈಗಳ ಪುಸ್ತಕ ಗ್ರಂಥಾಲಯಕ್ಕೆ ಹೋಯಿತು, ಒಂದು ಕೈ ಕಡಿಮೆಯಾಗಿ. ಮರದ ಕೈಯನ್ನು ಲೆಕ್ಕದವನಿಗೆ ಕೊಟ್ಟರು. ಕತ್ತರಿಯನ್ನೂ, ಬಿಡಿಸಿದ ಆ ಹಾಳೆಯಿದ್ದ ಲಕೋಟೆಯನ್ನೂ ಮಾತ್ರ ತಮ್ಮ ಚೀಲಕ್ಕೆ ಹಾಕಿಕೊಂಡರು. ಅದೇ ಸಂಜೆ ಲೆಕ್ಕದವನು, ಎಂಟು ವರ್ಷದ ಹಿಂದೆಯೇ ಮಾಡಬೇಕಾಗಿದ್ದ ಲೆಕ್ಕವೊಂದನ್ನು ಮಾಡಿ ನೋಡಿದ. ಅಂದು ಪುಸ್ತಕದಲ್ಲಿದ್ದ ಕೈಗಳು ಸಾವಿರದ ಇನ್ನೂರ ಐವತ್ತು. ಹುಡುಗಿಯ ಕೈ ಸರಾಸರಿಗಿಂತ ಐದು ಮಿಲಿಮೀಟರ್ ಉದ್ದ. ಆ ಹಾಳೆಯನ್ನು ತೆಗೆದರೆ ಸರಾಸರಿ ಕೆಡುವುದು ಒಂದು ಮಿಲಿಮೀಟರಿನ ಇನ್ನೂರ ಐವತ್ತನೆಯ ಒಂದು ಭಾಗ. ತಲೆಗೂದಲಿನ ದಪ್ಪ ಇದರ ಹತ್ತು ಪಟ್ಟಿಗೂ ಮಿಗಿಲು. ಇಷ್ಟನ್ನು ಉಳಿಸಿಕೊಳ್ಳಲು ಅವನು ಆ ತಾಯಿಯನ್ನು ಬರಿಗೈಯಲ್ಲಿ ಕಳಿಸಿದ್ದ.

ಮೇಡಂ ಅವರಿಗೆ ಆಯುಸ್ಸೂ ಆರೋಗ್ಯವೂ ಕೂಡಿಬರಲಿ. ಅವರ ಕೈ ಕೆಲಸವನ್ನೂ ಕಾಲು ತಿರುಗಾಟವನ್ನೂ ಬಿಡದಿರಲಿ. ಹಾರೈಕೆಯಲ್ಲೂ ಅಳತೆ ಬಿಡದವನು ನಾನು: ಆ ಕತ್ತರಿ ಸೇರಬೇಕಾದ ಕೈ ಸೇರುವವರೆಗೆ ಅವರು ಬಾಳಲಿ, ಸೇರಿದ ಮೇಲೆ ಇನ್ನೂ ಮೂವತ್ತಮೂರು ವರ್ಷ ಬಾಳಲಿ. ಮುಂದಿನ ತಿಂಗಳಿನಿಂದ ಲೆಕ್ಕದವನೂ ಅವರ ಜೊತೆಗೆ ಊರೂರು ಹೊರಡುತ್ತಾನೆ. ಈ ಸಂಪುಟ ಬಹಳ ಊರುಗಳಿಗೆ ಹೋಗುವುದೆಂದು ಸಂಪಾದಕರು ಹೇಳಿದ್ದಾರೆ. ಆದ್ದರಿಂದ ಓದುವವರಲ್ಲಿ ಒಂದು ಕೋರಿಕೆ. ತಮ್ಮನ ಮನೆಯಲ್ಲಿದ್ದುಕೊಂಡು ಬಟ್ಟೆ ಹೊಲಿಯುವ, ಮಗಳನ್ನು ಕಳೆದುಕೊಂಡ ತಾಯಿಯೊಬ್ಬರು ನಿಮ್ಮ ಬೀದಿಯಲ್ಲಿದ್ದರೆ, ಹಾಳೆ ಬಿಡಿಸಿ ಇಟ್ಟಿದೆಯೆಂದು ಅವರಿಗೆ ತಿಳಿಸಿ. ಗುರುತು ಕಷ್ಟವಲ್ಲ. ಬಲಗೈಯ ಹೆಬ್ಬೆರಳಿನ ಗಂಟು ಸ್ವಲ್ಪ ದಪ್ಪ. ಎರಡೂವರೆ ಮಿಲಿಮೀಟರ್ ಇರಬಹುದು.