ಬಗಲಿಗೆ ಕೂತು ಆಡಿದವನು

ಮೂಡಲಗಿಯಲ್ಲಿ ಗಾದಿ ಹೊಲಿಯುತ್ತಿದ್ದ ಪಿಂಜಾರ ಜಾಫರಸಾಬ ಜನ್ಮದಲ್ಲಿ ಒಂದು ಚದುರಂಗದ ಕಾಯಿ ಮುಟ್ಟಿದವನಲ್ಲ. ಆದರೂ ತನ್ನಷ್ಟು ಆಟ ಗೆದ್ದವರು ಸುತ್ತ ಹಳ್ಳಿಗಳಲ್ಲಿ ಇಲ್ಲವೆಂದೇ ನಂಬಿದ್ದ. ಬೆಲ್ಲದ ವ್ಯಾಪಾರಿ ಗುರುಲಿಂಗಪ್ಪ ಅಂಗಡಿಕಟ್ಟೆಯ ಮೇಲೆ ಆಟ ಹೂಡಿದರೆ ಸಾಕು, ಬಾಲ್ಯದ ಗೆಳೆಯ ಜಾಫರಸಾಬ ಬಗಲಿಗೆ ಹಾಜರು. "ಆನಿ ಬ್ಯಾಡೋ, ಒಂಟಿ ಸರಸು!" ಎಂದು ಒದರುವವನು ಈತ, ಕಾಯಿ ನಡೆಸುವವನು ಆತ. ನಮ್ಮ ಕಡೆಯ ಆಟವೇ ಹಾಗೆ, ಇಬ್ಬರು ಕೂತರೆ ಹತ್ತು ಬಾಯಿ ಆಡುತ್ತವೆ. ಗೆದ್ದ ದಿನ ಜಾಫರಸಾಬ ಓಣಿಯುದ್ದಕ್ಕೂ ಎದೆಯುಬ್ಬಿಸಿ ನಡೆಯುತ್ತಿದ್ದ. ಪಾಪ, ಆತನ ಬದುಕಿನಲ್ಲಿ ಬೇರೆ ದೊಡ್ಡಸ್ತಿಕೆ ಇರಲಿಲ್ಲ.

ಗೋಕಾಕದಲ್ಲಿ ಪಂದ್ಯ ಇಟ್ಟಾಗ ಇಬ್ಬರೂ ಚಕ್ಕಡಿ ಏರಿ ಹೋದರು. ಆಟಕ್ಕೆ ಮೊದಲು ಪಂಚರು ಅಧಿಕೃತ ನಿಯಮಗಳನ್ನು ತಿಳಿಸಿದರು. ಪ್ಯಾದೆ ಮೊದಲ ಸಲ ಎರಡು ಮನೆ ನಡೆಯಬಹುದು. ರಾಜ ಒಂದು ಸಲ ಕುದುರೆಯಂತೆ ಜಿಗಿಯುವ ಹಳ್ಳಿ ಪದ್ಧತಿ ಇಲ್ಲಿ ನಡೆಯದು.

ಜಾಫರಸಾಬ ಹೌಹಾರಿದ. "ಅಯ್ಯ, ರಾಜಾ ಜಿಗಿಯಾಂಗಿಲ್ಲಂದ್ರ ಜೀವಾ ಹ್ಯಾಂಗ ಉಳಸ್ಕೋಬೇಕ್ರಿ?"

ಗುರುಲಿಂಗಪ್ಪ ತಲೆಯಾಡಿಸುತ್ತ ಕೇಳಿಸಿಕೊಂಡ. ಆಮೇಲೆ ಬಂತು ಕಡೆಯ ನಿಯಮ: ಆಡುವವನಿಗೆ ಯಾರೂ ಏನೂ ಹೇಳಿಕೊಡಬಾರದು.

"ಅಂದ್ರ ನಾನು?" ಎಂದ ಜಾಫರಸಾಬ.

"ನೀವು ಹೊರಗ ಕುಂದರ್ರಿ."

ಸಿಡಿಲು ಬಡಿದವನಂತೆ ಆತ ಅಂಗಳದ ಬೇವಿನ ಮರದ ಕೆಳಗೆ ಕೂತ. ತಾನಿಲ್ಲದೆ ಗೆಳೆಯ ಸೋಲುವುದು ಗ್ಯಾರಂಟಿ. ಪಾಪದವನಿಗೆ ಏನು ಸಮಾಧಾನ ಹೇಳಲಿ ಎಂದು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದ.

ಮಧ್ಯಾಹ್ನ ಗುರುಲಿಂಗಪ್ಪ ಹೊರಗೆ ಬಂದ. "ಗೆದ್ದೆ," ಎಂದ.

ಜಾಫರಸಾಬ ಎದ್ದು ನಿಂತ. "ಯಾರು ಹೇಳಿಕೊಟ್ರೋ?"

"ಯಾರು ಹೇಳತಾರು? ನಾನ ಆಡಿದೆ."

"ಮತ್ತ ಇಷ್ಟು ವರ್ಸ ನಾ ಹೇಳಿದ್ದು?"

ಗುರುಲಿಂಗಪ್ಪನಿಗೆ ಸುಳ್ಳು ಹೇಳಲು ಬಾರದು. ಮೋರೆ ತಗ್ಗಿಸಿದ. "ಒಂದಾರ ಕೇಳೇನೇನೋ ನಾ? ನೀ ಒದರತಿದ್ದಿ, ನಾ ನನಗ ತಿಳಿದದ್ದು ಆಡತಿದ್ದೆ."

ಜಾಫರಸಾಬನಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಇಡೀ ಆಯುಷ್ಯವನ್ನು ಯಾರೋ ಕಿತ್ತುಕೊಂಡು ಹೋದಂತಾಯಿತು. "ಹಂಗಾರ ಬಗಲಾಗ ಯಾಕ ಕೂಡಿಸ್ಕೊಂತಿದ್ದಿ?" ಎಂದ.

"ಇವತ್ತ ಗೆದ್ದ ಕೂಡ್ಲೆ ಬಾಜೂಕ್ಕ ಹೊಳ್ಳಿ ನೋಡಿದೆ. ಯಾರೂ ಇರಲಿಲ್ಲ. ಗೆದ್ದಂಗ ಆಗಲಿಲ್ಲೋ ಜಾಫರಾ."

ಜಾಫರಸಾಬನ ಕಿವಿಗೆ ಅದು ಬಿತ್ತೋ ಇಲ್ಲವೋ. ದಾರಿಯುದ್ದಕ್ಕೂ ಚಕ್ಕಡಿಯ ಹಿಂಬದಿಗೆ ಕೂತು ಧೂಳು ನೋಡಿದ. ಮೂಡಲಗಿ ಮುಟ್ಟಿದಾಗ ಜನ ಮುತ್ತಿಕೊಂಡರು.

"ಏನಾತ್ರೀ?"

"ಗೆದ್ವಿ," ಎಂದ ಗುರುಲಿಂಗಪ್ಪ.

"ಅಂವ ಗೆದ್ದ," ಎಂದು ಜಾಫರಸಾಬ ಚಕ್ಕಡಿ ಇಳಿದು ಮನೆಯ ದಾರಿ ಹಿಡಿದ.